ರೊಕ್ಕ ಕೊಟ್ಟು ಗುಡ್ಡ ಏರುವವರು

ಮೊದಲ ದಿನ: ಕಲಬುರಗಿಯಿಂದ ಬೀದರ್

ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನ ಚಹಾದಂಗಡಿಯವನು ಮೂರು ಕಪ್ ಮುಂದಿಟ್ಟು, ನಮ್ಮ ಸೈಕಲ್, ಹೆಲ್ಮೆಟ್, ಬಿಗಿ ಚಡ್ಡಿ ಎಲ್ಲವನ್ನೂ ಒಂದು ಸುತ್ತು ನೋಡಿ, "ಯಾವ ಗುಡಿಗಿ ಹರಕಿ ಹೊತ್ತೀರಿ?" ಅಂತ ಕೇಳಿದ. ಡಿಸೆಂಬರ್ ಕೊನೆಯ ವಾರ, ಬೆಳಗಿನ ಐದೂವರೆ. ಬಾಯಿಂದ ಹೊಗೆ ಬರುವಷ್ಟು ಚಳಿ.

ಹರಕೆ ಹೊತ್ತವರು ಮಾಸ್ತರರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ವಯಸ್ಸು ಐವತ್ತೊಂದು. ಬರುವ ಜುಲೈನಲ್ಲಿ ಫ್ರಾನ್ಸ್‌ನ 'ಲೇತಾಪ್ ದ್ಯು ಟೂರ್'ಗೆ ಹೆಸರು ಕೊಟ್ಟಿದ್ದಾರೆ. ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಸ್ಪರ್ಧಿಗಳು ಓಡಿಸುವ ಒಂದು ದಿನದ ದಾರಿಯನ್ನು, ಗಾಡಿ-ಮೋಟಾರು ಒಂದೂ ಇಲ್ಲದಂತೆ ಮುಚ್ಚಿ, ಸಾಮಾನ್ಯ ಜನರಿಗೆ ಬಿಟ್ಟುಕೊಡುವ ಸವಾರಿ ಅದು. 1993ರಿಂದ ನಡೆದಿದೆ. ಸಾವಿರಗಟ್ಟಲೆ ಜನ ಒಂದೇ ದಿನ ಅದೇ ಗುಡ್ಡ ಏರುತ್ತಾರೆ. ಮಾಸ್ತರರು ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದರು.

"ಸೈಕಲ್ಲಿಗಿ ರೋಡ ಬಂದ್ ಮಾಡ್ತಾರ?"

"ಹೌದ್ರಿ."

"ಮತ್ತ ನಿಮಗ ಎಷ್ಟ ಕೊಡ್ತಾರ?"

"ನಾವೇ ಕೊಡಬೇಕ್ರಿ."

ಆತ ಸೌಟು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತ. "ರೊಕ್ಕ ಕೊಟ್ಟು ಗುಡ್ಡ ಏರ್ತೀರಿ?" ಅಂದ. ಮೂರು ಚಹಾದಲ್ಲಿ ಎರಡಕ್ಕೆ ಮಾತ್ರ ಹಣ ತೆಗೆದುಕೊಂಡ. ಕನಿಕರ ಇರಬೇಕು.

ಮಾಸ್ತರರ ಹ್ಯಾಂಡಲ್ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಚಿತ್ರಪಟ ಸದಾ ಇರುತ್ತದೆ. 2022ರ ಲೇತಾಪ್‌ನ ಏರಿಳಿತದ ನಕ್ಷೆ: ಆಲ್ಪ್ಸ್ ಪರ್ವತದ ಬ್ರಿಯಾನ್ಸೋನ್‌ನಿಂದ ಆಲ್ಪ್ ದ್ಯುಯೆಜ್‌ವರೆಗೆ 167 ಕಿಲೋಮೀಟರ್, ಒಟ್ಟು ಏರು ಸುಮಾರು 4,700 ಮೀಟರ್. ಅವರು ಹೋಗುವ ವರ್ಷದ ದಾರಿ ಬೇರೆ, ಪ್ರತಿ ವರ್ಷ ಬದಲಾಗುತ್ತದೆ. ಆದರೂ ಹೆದರಿಕೆಗೆ ಈ ನಕ್ಷೆಯೇ ಸಾಕು ಅಂತಾರೆ. ನಾನು ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆಯುವವನು, ಲೆಕ್ಕ ಹಾಕದೆ ಇರಲಾರೆ. ಕಲಬುರಗಿಗಿಂತ ಬೀದರ್ ಇನ್ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ. ಅಂದರೆ ಮಾಸ್ತರರು ಒಂದೇ ದಿನದಲ್ಲಿ ಸುಮಾರು ಇಪ್ಪತ್ತು ಸಲ ಬೀದರ್ ಏರಬೇಕು. ನಾವು ಹೊರಟಿದ್ದು ಒಂದು ಸಲ ಏರಲಿಕ್ಕೆ, ಅದೂ ಇಡೀ ದಿನ ತೆಗೆದುಕೊಂಡು.

ಜೊತೆಗೆ ನನ್ನ ಅಕ್ಕನ ಮಗ. ಇಪ್ಪತ್ತೆರಡು ವರ್ಷ, ತೊಡೆ ಕಬ್ಬಿಣ, ಬುದ್ಧಿ ಇನ್ನೂ ಕುದಿಯುತ್ತಿದೆ. ಕುರಿಕೋಟಾದ ಸೇತುವೆ ಮೇಲೆ ಬೆಣ್ಣೆತೊರೆ ಹೊಳೆಯ ಮಂಜು ನೋಡುತ್ತ ನಾವಿಬ್ಬರು ನಿಂತಿದ್ದಾಗ ಅವನು ಆಗಲೇ ಚುಕ್ಕೆಯಾಗಿ ಮಾಯವಾಗಿದ್ದ.

ಕಮಲಾಪುರದಲ್ಲಿ ಕೆಂಪು ಬಾಳೆ ಕೊಂಡೆವು. ಈ ಹಣ್ಣಿಗಾಗಿ ನಿಲ್ಲದೆ ಈ ದಾರಿಯಲ್ಲಿ ಹೋಗುವವರಿಗೆ ಏನೋ ಕೊರತೆ ಇದೆ ಎಂಬುದು ನನ್ನ ಅಭಿಪ್ರಾಯ. ಸಾದಾ ಬಾಳೆಗಿಂತ ದಪ್ಪ, ಒಂದು ತಿಂದರೆ ಒಂದು ತಾಸಿಗೆ ಚಿಂತೆಯಿಲ್ಲ. ಸಿಪ್ಪೆ ಗಟ್ಟಿ, ಜೆರ್ಸಿಯ ಬೆನ್ನಿನ ಜೇಬಿನಲ್ಲಿ ಬೇಗ ಜಜ್ಜಿಹೋಗುವುದಿಲ್ಲ.

ಕಮಲಾಪುರ ದಾಟಿದ ಮೇಲೆ ನೆಲ ಮೇಲೇಳುತ್ತದೆ. 2017ರಲ್ಲಿ ಶುರುವಾದ ಬೀದರ್ ರೈಲು ಮರಗುತ್ತಿ ಹತ್ತಿರ ಸುರಂಗ ಹೊಕ್ಕು ಗುಡ್ಡವನ್ನು ತಪ್ಪಿಸಿಕೊಳ್ಳುತ್ತದೆ. ನಮಗೆ ಆ ಸವಲತ್ತಿಲ್ಲ. ಆದರೆ ಇಲ್ಲಿಯ ಏರು ಆಲ್ಪ್ಸ್‌ನ ಹಾಗೆ ಕಣ್ಣಿಗೆ ಕಾಣುವ ಏರಲ್ಲ, ಮೋಸದ ಏರು. ರಸ್ತೆ ಸಪಾಟಾಗೇ ಇದೆ ಅನಿಸುತ್ತದೆ, ವೇಗ ಮಾತ್ರ ಹದಿನಾಲ್ಕಕ್ಕೆ ಇಳಿದಿರುತ್ತದೆ. ಮೇಲಾಗಿ ಡಿಸೆಂಬರಿನ ಈಶಾನ್ಯದ ಗಾಳಿ ಸೀದಾ ಮುಖಕ್ಕೆ. ನಾನು ಬೈಯುತ್ತಿದ್ದೆ, ಮಾಸ್ತರರಿಗೆ ಮಾತ್ರ ಖುಷಿ. "ಗಾಳಿನೇ ನಮ್ಮ ಗುಡ್ಡ ನೋಡ್ರಿ. ಸೀಟ್ ಬಿಟ್ಟು ಏಳಬ್ಯಾಡ್ರಿ. ಮಾತಾಡ್ಲಿಕ್ಕ ಬರೋವಷ್ಟೇ ತುಳೀರಿ." ಅವರ ಸೈಕಲ್ಲಿನ ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ನಿಮಿಷಕ್ಕೆ ಎಪ್ಪತ್ತು ಸುತ್ತು ತುಳಿದರೆ ತಾಸಿಗೆ ಒಂಬತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಆಲ್ಪ್ ದ್ಯುಯೆಜ್‌ನ 13.8 ಕಿಲೋಮೀಟರ್ ಏರಿಗೆ ಒಂದೂವರೆ ತಾಸು ದಾಟುತ್ತದೆ. ಅಷ್ಟೂ ಹೊತ್ತು ಒಂದೇ ಲಯ ಕೆಡದಂತೆ ತುಳಿಯುವುದು, ಕಲಿಯಬೇಕಾದದ್ದು ಅಷ್ಟೇ ಅಂತ ಅವರ ವಾದ.

ಕಿಣ್ಣಿ ಸಡಕ್ ದಾಟಿದ ಮೇಲೆ ರಸ್ತೆಯ ಒಂದು ಮೋರಿ ಕಟ್ಟೆ ಮೇಲೆ ನಮ್ಮ ಹುಡುಗ ಕೂತಿದ್ದ. ಮುಖ ಬಿಳಚಿಕೊಂಡಿತ್ತು. "ಮಾಮಾ, ಕಣ್ಣ ಮುಂದ ಕತ್ತಲಿ ಬರ್ಲಾತದ." ಬೆಳಿಗ್ಗೆಯಿಂದ ಒಂದು ಚಹಾ ಬಿಟ್ಟು ಏನೂ ತಿಂದಿರಲಿಲ್ಲ. ಜೋರಾಗಿ ತುಳಿದರೆ ಮೈಯೊಳಗಿನ ಸಕ್ಕರೆಯ ದಾಸ್ತಾನು ಒಂದೂವರೆ-ಎರಡು ತಾಸಿಗೆ ಖಾಲಿ. ಹಸಿವಾಗುವ ಮೊದಲೇ ತಿನ್ನಬೇಕು ಅಂತ ಹೇಳಿದ್ದೆವು, ಕೇಳಿರಲಿಲ್ಲ. ಎರಡು ಕೆಂಪು ಬಾಳೆ, ಒಂದು ಉಂಡೆ ಬೆಲ್ಲ ತಿನ್ನಿಸಿ ಇಪ್ಪತ್ತು ನಿಮಿಷ ಬೇವಿನ ನೆರಳಲ್ಲಿ ಮಲಗಿಸಿದೆವು. ಆಮೇಲೆ ಇಡೀ ದಿನ ಅವನು ಮಾಸ್ತರರ ಹಿಂದಿನ ಗಾಲಿ ಬಿಡಲಿಲ್ಲ.

ಹುಮನಾಬಾದಿನಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೂರನೇ ರೊಟ್ಟಿ ತಿನ್ನಬಾರದಿತ್ತು. ಅಲ್ಲಿಂದ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರೇಲರ್, ಮೇಲೆ ಟೇಪ್ ರೆಕಾರ್ಡರಿನಲ್ಲಿ ಭಜನೆ, ಹಿಂದೆ ದೀಪವೇ ಇಲ್ಲ. ಕತ್ತಲಾಗುವ ಮೊದಲು ಊರು ಸೇರಿಕೊಳ್ಳುವುದೇ ಇಲ್ಲಿ ಜಾಣತನ.

ಲೇತಾಪ್‌ನಲ್ಲಿ ಎಲ್ಲರ ಹಿಂದೆ ಒಂದು ವಾಹನ ಬರುತ್ತದಂತೆ. ಗಡುವಿನೊಳಗೆ ಮುಟ್ಟಲಾರದವರನ್ನು ಎತ್ತಿ ಹಾಕಿಕೊಂಡು ಹೋಗುತ್ತದೆ. ಫ್ರೆಂಚರು ಅದಕ್ಕೆ ಇಟ್ಟ ಹೆಸರಿನ ಅರ್ಥ ಕಸಬರಿಗೆ ಗಾಡಿ. ಮಾಸ್ತರರ ಕನಸಿನಲ್ಲಿ ಬರುವುದು ಗುಡ್ಡವಲ್ಲ, ಈ ಗಾಡಿ. ಬೀದರ್ ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ ಒಂದು ಕೆಂಪು ಬಸ್ಸು ನಮ್ಮ ಪಕ್ಕದಲ್ಲಿ ನಿಧಾನ ಮಾಡಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಬರ್ರಿ ಸರ, ಸೈಕಲ್ ಮ್ಯಾಲ ಒಗೀತೀನಿ!" ಅಂದ. ನಾನು ಬ್ರೇಕ್ ಹಿಡಿದೇಬಿಟ್ಟಿದ್ದೆ. ಮಾಸ್ತರರು ತಿರುಗಿ ನೋಡದೆ, "ಕಸಬರಿಗೆ ಬಂತು, ಓಡ್ರಿ!" ಅಂತ ಕೂಗಿದರು. ಆ ಹನ್ನೆರಡು ಕಿಲೋಮೀಟರ್ ಹೇಗೆ ಹೋಯಿತೋ ಗೊತ್ತಿಲ್ಲ.

ರಾತ್ರಿ ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ಊಟ. ನೆಲದ ಮೇಲೆ ಕೂತೆ. ಏಳಲಿಕ್ಕೆ ಪಕ್ಕದ ಸರ್ದಾರಜಿ ಕೈ ಕೊಡಬೇಕಾಯಿತು.

ಎರಡನೇ ದಿನ: ಅಷ್ಟೂರಿನ ಏರು

ಬೀದರಿನ ಡಿಸೆಂಬರ್ ಬೆಳಗು ಕಲಬುರಗಿಯವರಿಗೆ ಬೇರೆ ದೇಶ. ಬಿಸಿಲೂರಿನ ನಾವು ಸ್ವೆಟರ್ ಮೇಲೆ ಸ್ವೆಟರ್ ಹಾಕಿ ನಡುಗುತ್ತಿದ್ದರೆ ಮಾಸ್ತರರು ಹೋಗಿ ಮೂರು ಕನ್ನಡ ಪೇಪರ್ ಕೊಂಡು ತಂದರು. ಓದಲಿಕ್ಕಲ್ಲ. ಹಳೆಯ ಕಾಲದ ರೇಸಿನವರು ಗುಡ್ಡದ ತುದಿಯಲ್ಲಿ ಜನರ ಕೈಯಿಂದ ಪೇಪರ್ ಇಸಿದುಕೊಂಡು ಎದೆಗೆ ತುರುಕಿಕೊಂಡು ಇಳಿಯುತ್ತಿದ್ದರಂತೆ. ಆಲ್ಪ್ಸ್‌ನ ಗಾಲಿಬಿಯೇ ಕಣಿವೆದಾರಿ 2,642 ಮೀಟರ್ ಎತ್ತರ, ಜುಲೈನಲ್ಲೂ ಅಲ್ಲಿ ಥಂಡಿ. ಏರುವಾಗ ಬೆವತ ಮೈಗೆ ಇಳಿಯುವಾಗಿನ ಗಾಳಿ ಹೊಡೆದರೆ ಬ್ರೇಕ್ ಹಿಡಿಯುವ ಬೆರಳೇ ಮರಗಟ್ಟುತ್ತವೆ. ನನ್ನ ಪಾಲಿಗೆ ಬಂದದ್ದು ಮಾರುಕಟ್ಟೆ ಧಾರಣೆಯ ಪುಟ. ತೊಗರಿ ರೇಟನ್ನು ಎದೆಗೆ ಒತ್ತಿಕೊಂಡು ಜಿಪ್ ಎಳೆದೆ. ಖರೇ ಹೇಳುತ್ತೇನೆ, ಬೆಚ್ಚಗಾಯಿತು.

ಬೀದರ್ ಕೆಂಪು ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ ಕೂತ ಊರು. ಕೋಟೆಯ ಪೂರ್ವಕ್ಕೆ ಹೊರಬಿದ್ದರೆ ರಸ್ತೆ ಚೌಖಂಡಿ ದಾಟಿ ಅಷ್ಟೂರಿನ ಬಯಲಿಗೆ ಇಳಿಯುತ್ತದೆ. ಅಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲು. ಮಾಸ್ತರರ ಯೋಜನೆ ಸರಳ: ಕೆಳಗಿಳಿ, ಮೇಲೇರು, ಇಪ್ಪತ್ತೊಂದು ಸಲ. ಯಾಕೆ ಇಪ್ಪತ್ತೊಂದು? ಆಲ್ಪ್ ದ್ಯುಯೆಜ್‌ಗೆ ಇಪ್ಪತ್ತೊಂದು ತಿರುವು. ಬುಡದಲ್ಲಿ 21 ಅಂತ ಫಲಕ, ಒಂದೊಂದೇ ಇಳಿಯುತ್ತ ಹೋಗಿ ಕೊನೆಯ ತಿರುವಿಗೆ 1. ಅಲ್ಲಿ ಗೆದ್ದವರ ಹೆಸರನ್ನು ಆ ಫಲಕಗಳ ಮೇಲೆ ಬರೆದಿದ್ದಾರೆ.

ನಮಗೆ ಫಲಕ ಎಲ್ಲಿಂದ ಬರಬೇಕು? ಮೇಲೆ ಚಹಾದ ಡಬ್ಬಿ ಅಂಗಡಿ ಪಕ್ಕ ಒಬ್ಬ ಹುಡುಗ ಮೇಕೆ ಬಿಟ್ಟುಕೊಂಡು ಕೂತಿದ್ದ. ಹತ್ತು ವರ್ಷ ಇದ್ದಾನು. ಅವನ ಮುಂದೆ ಇಪ್ಪತ್ತೊಂದು ಕೆಂಪು ಹರಳು ಸಾಲಾಗಿಟ್ಟು, "ನಾವು ಮೇಲೆ ಬಂದಾಗೊಮ್ಮೆ ಒಂದು ತೆಗಿ" ಅಂತ ಮಾಸ್ತರರು ಒಪ್ಪಂದ ಮಾಡಿಕೊಂಡರು. ಕೂಲಿ ಒಂದು ಬಿಸ್ಕೀಟು ಪುಡಿಕೆ.

ಮೊದಲ ಐದು ಸಲ ಮಜವಾಗಿತ್ತು. ಕೆಳಗೆ ಹೋದಾಗಲೆಲ್ಲ ಸಿಡಿಲು ಬಡಿದು ಅರ್ಧ ಗುಮ್ಮಟ ಹಾರಿಹೋದ ಹುಮಾಯೂನನ ಗೋರಿ ಕಾಣುತ್ತಿತ್ತು. ಬಾಯಿ ತೆರೆದ ಗಡಿಗೆಯ ಹಾಗೆ. ಏಳನೇ ಸಲಕ್ಕೆ ಅದು ನನ್ನನ್ನೇ ನೋಡಿ ಆಕಳಿಸುತ್ತಿದೆ ಅನಿಸಿತು. ನನ್ನ ತೂಕ ಒಂದು ಕ್ವಿಂಟಲ್‌ಗೆ ಹದಿನಾಲ್ಕು ಕಿಲೋ ಕಮ್ಮಿ, ಮಾಸ್ತರರದು ಅರವತ್ತೆರಡು. ಬಯಲಲ್ಲಿ ಈ ಫರಕು ಅಷ್ಟಾಗಿ ತಿಳಿಯುವುದಿಲ್ಲ, ಏರಿನಲ್ಲಿ ಇಪ್ಪತ್ನಾಲ್ಕು ಕಿಲೋ ಬೇಳೆ ಬೆನ್ನಿಗೆ ಕಟ್ಟಿದಂತೆ. ಇಳಿಜಾರಿನಲ್ಲಿ ಮಾತ್ರ ನಾನೇ ಮುಂದೆ.

ಇಳಿಯುವ ಪಾಠವೂ ಇತ್ತು. ಬ್ರೇಕನ್ನು ಒಂದೇ ಸಮ ಹಿಡಿದುಕೊಂಡಿರಬಾರದು, ಉದ್ದದ ಇಳಿಜಾರಿನಲ್ಲಿ ಗಾಲಿಯ ಅಂಚು ಕಾದು ಟ್ಯೂಬ್ ಒಡೆಯಬಹುದು. ಹಿಡಿ, ಬಿಡು, ಹಿಡಿ, ಬಿಡು. ನೂರಾರು ಜನರ ನಡುವೆ ಇಳಿಯುವಾಗ ತನ್ನ ಗೆರೆ ಬಿಟ್ಟು ಆಚೀಚೆ ಹೊರಳಬಾರದು. ಫ್ರಾನ್ಸ್‌ನಲ್ಲಿ ಬಲಬದಿಗೆ ಇರಬೇಕು, ದಾಟುವವರು ಎಡದಿಂದ ಬರುತ್ತಾರೆ. ಇದನ್ನು ಇಲ್ಲಿ ಹೇಗೆ ರೂಢಿ ಮಾಡುವುದು ಅಂತ ಮಾಸ್ತರರು ಚಿಂತಿಸುತ್ತಿದ್ದಾಗಲೇ ಒಂದು ಆಟೋ ಬಲಬದಿಯಿಂದ ಎದುರಿಗೆ ಬಂತು, ಅದರ ಹಿಂದೆ ಇನ್ನೊಂದು ಎಡಬದಿಯಿಂದ. ನಮ್ಮಲ್ಲಿ ಎರಡೂ ನಡೆಯುತ್ತದೆ.

ಹತ್ತನೇ ಸಲಕ್ಕೆ ನಾನು ಕೈ ಎತ್ತಿದೆ. ಹನ್ನೊಂದಕ್ಕೆ ಅಕ್ಕನ ಮಗ. ಮಾಸ್ತರರು ಒಬ್ಬರೇ, ಬಾಯಿ ಅರ್ಧ ತೆರೆದು, ಕಣ್ಣು ಮುಂದಿನ ಗಾಲಿಯಿಂದ ಮೂರು ಮೊಳ ಮುಂದೆ ನೆಟ್ಟು, ಏರುತ್ತಲೇ ಇದ್ದರು. ಮಧ್ಯಾಹ್ನ ಎಡಗಾಲ ಮೀನಖಂಡ ಹಿಡಿದುಕೊಂಡಿತು. ಬಂದು ಹರಳು ನೋಡಿದರೆ ಆರು ಉಳಿದಿದ್ದವು.

"ಹದಿನೈದು ಆಯ್ತು," ಅಂದರು.

"ಇಲ್ರಿ ಸರ, ಹದಿನಾಕು," ಅಂದ ಮೇಕೆ ಹುಡುಗ. "ಒಂದು ಹರಳ ಮ್ಯಾಕಿಗಿ ಒಗದೀನಿ."

ಗಣಿತದ ಮಾಸ್ತರರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಸಂಜೆ ಬಿದ್ರಿ ಕುಶಲಕರ್ಮಿಯೊಬ್ಬರು ಕೋಟೆಯ ಹಳೇ ಮಣ್ಣು ಹಚ್ಚಿ ಸತುವು-ತಾಮ್ರದ ಹೂಜಿಯನ್ನು ಕಪ್ಪಾಗಿಸುವುದನ್ನು ತೋರಿಸುತ್ತಿದ್ದರು. ಮಣ್ಣು ತೊಳೆದಾಗ ಕಪ್ಪಿನ ನಡುವೆ ಬೆಳ್ಳಿ ಎಳೆ ಹೊಳೆಯಿತು, ನಾವಿಬ್ಬರೂ ಬೆರಗಾದೆವು. ಮಾಸ್ತರರು ಬೆರಳು ಮಡಿಚುತ್ತ ಮೊದಲಿಂದ ಎಣಿಸುತ್ತಿದ್ದರು.

ಮೂರನೇ ದಿನ: ಚಿಂಚೋಳಿ

ಮನ್ನಾಎಖೇಳಿ ಮೇಲಿಂದ ಚಿಂಚೋಳಿ ದಾರಿ. ಹೇಳಿಕೊಳ್ಳುವಂಥದ್ದು ಒಂದೇ, ಪಂಕ್ಚರ್. ತೊಗರಿ ಕಟಾವಿನ ಕಾಲ, ರೈತರು ರಸ್ತೆ ಮೇಲೆ ಬೆಳೆ ಹರವಿ ಬಿಟ್ಟಿರುತ್ತಾರೆ, ಲಾರಿ-ಬಸ್ಸು ಓಡಾಡಿ ಪುಕ್ಕಟೆ ರಾಶಿ. ತೊಗರಿಯಿಂದಲೇ ಹೊಟ್ಟೆ ಹೊರೆಯುವ ನಾನು ದೂರುವ ಹಾಗಿಲ್ಲ. ಆದರೆ ಕೊಯ್ದ ತೊಗರಿ ಕಟ್ಟಿಗೆಯ ಮೊನೆ ಈಟಿಯಂಥದು. ನನ್ನ ಹಿಂದಿನ ಟೈರು ಕಿರುಬೆರಳ ಉಗುರಿನಷ್ಟು ಸೀಳಿತು.

ಟ್ಯೂಬ್ ಬದಲಿಸಬಹುದು, ಸೀಳಿನಿಂದ ಅದು ಗುಳ್ಳೆಯಾಗಿ ಹೊರಬರುತ್ತದಲ್ಲ? ಹತ್ತು ರೂಪಾಯಿ ನೋಟು ಮಡಿಚಿ ಒಳಗಿಡುವುದು ಹಳೇ ಉಪಾಯ. ನಮ್ಮ ಹುಡುಗ ಅದಕ್ಕಿಂತ ಚೆಂದದ್ದು ಕಂಡುಹಿಡಿದ, ರಸ್ತೆ ಬದಿಯ ಗುಟ್ಕಾ ಚೀಟಿ. ಹರಿಯುವುದಿಲ್ಲ, ತೆಳ್ಳಗೆ, ನಮ್ಮ ಭಾಗದಲ್ಲಿ ಹುಡುಕುವ ಕಷ್ಟವೂ ಇಲ್ಲ. ಎರಡು ಚೀಟಿ ಒಂದರ ಮೇಲೊಂದು ಇಟ್ಟೆವು. ಮುಂದಿನ ಊರಿನಲ್ಲಿ ಗಾಳಿ ತುಂಬಿಸಲು ನಿಂತರೆ ಅಂಗಡಿಯವನ ಕಂಪ್ರೆಸರ್ ನಳಿಕೆ ನಮ್ಮ ಸಣಕಲು ವಾಲ್ವಿಗೆ ಕೂರಲೇ ಇಲ್ಲ. "ಇದ್ಯಾತರ ಮೂಗರಿ, ಸೂಜಿ ಇದ್ದಂಗ ಅದ?" ಅಂದ. ಇಪ್ಪತ್ತು-ಮೂವತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಇದ್ದರೆ ಕೆಲಸ ಆಗುತ್ತಿತ್ತು. ಅದು ನನ್ನ ಮನೆಯಲ್ಲಿ, ಟಿವಿ ಮೇಲೆ, ಬಹಳ ಜೋಪಾನವಾಗಿತ್ತು. ಕೈ ಪಂಪಿನಲ್ಲಿ ಮುನ್ನೂರು ಸಲ ಒತ್ತಿದೆವು.

ಚಂದ್ರಂಪಳ್ಳಿ ಜಲಾಶಯದ ನೀರಿನಲ್ಲಿ ಕಾಲಿಟ್ಟುಕೊಂಡು ಸಂಜೆ ಕಳೆಯಿತು. ಸುತ್ತ ಗುಡ್ಡ, ಕಾಡು. ನಮ್ಮ ಜಿಲ್ಲೆಯಲ್ಲಿ ಇದೂ ಇದೆ ಅಂದರೆ ಬೆಂಗಳೂರಿನವರು ನಂಬುವುದಿಲ್ಲ, ಕಲಬುರಗಿಯವರೂ ಅರ್ಧ ಜನ ನಂಬುವುದಿಲ್ಲ.

ನಾಲ್ಕನೇ ದಿನ: ಎಳ್ಳ ಅಮಾವಾಸ್ಯೆ

ದಿನ ನೋಡಿಕೊಂಡು ಹೊರಟವರಲ್ಲ. ಚಿಂಚೋಳಿಯ ಲಾಡ್ಜಿನವನು ಬೆಳಿಗ್ಗೆ ಕೀಲಿ ಇಸಿದುಕೊಳ್ಳುತ್ತ, "ಇವತ್ತ ಎಲ್ಲೂ ಹೋಟೆಲ್ ತೆರದಿರಂಗಿಲ್ಲ ನೋಡ್ರಿ" ಅಂದಾಗಲೇ ಹೊಳೆದದ್ದು, ಅವತ್ತು ಎಳ್ಳ ಅಮಾವಾಸ್ಯೆ, ಊರ ಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ದಿನ. ಜೇಬಿನಲ್ಲಿ ಇದ್ದದ್ದು ಎರಡು ಚಿಕ್ಕಿ.

ಏಳರಿಂದ ಒಂಬತ್ತರವರೆಗೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಮೂವರು ಕೂತ ಬೈಕು, ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಎಲ್ಲ ಹೊಲದ ಕಡೆ. ಆಮೇಲೆ ಯಾರೂ ಇಲ್ಲ. ಊರಿಗೆ ಊರೇ ಬೀಗ. ಕೋಡ್ಲಿ ಕಡೆಯ ರಸ್ತೆಯಲ್ಲಿ ಅರ್ಧ ತಾಸು ಒಂದು ಗಾಡಿಯೂ ಎದುರಾಗಲಿಲ್ಲ. ನಾವು ಮೂವರೂ ಅಕ್ಕಪಕ್ಕದಲ್ಲಿ ಇಡೀ ರಸ್ತೆ ತುಂಬಿಕೊಂಡು ಹೋಗುತ್ತಿದ್ದೆವು. ಮಾಸ್ತರರು ಒಮ್ಮೆಲೇ ಗಟ್ಟಿಯಾಗಿ ನಕ್ಕರು. "ರೋಡ ಬಂದ್ ಆಗ್ಯಾದಲ್ರೀ!"

ನಮ್ಮಲ್ಲಿ ರಸ್ತೆ ಮುಚ್ಚುವುದು ತೇರಿಗೆ, ಮಂತ್ರಿ ಬಂದರೆ, ಇಲ್ಲವೇ ಟೈರ್ ಸುಡುವವರಿಗೆ. ಅವತ್ತು ಯಾರೂ ಮುಚ್ಚಿರಲಿಲ್ಲ, ತಾನೇ ಖಾಲಿಯಾಗಿತ್ತು. ಹಾರ್ನ್ ಇಲ್ಲ, ಚೈನಿನ ಸದ್ದು ಕೇಳುತ್ತಿತ್ತು, ಜೋಳದ ಗರಿ ಗಾಳಿಗೆ ಸರಸರ ಅನ್ನುವುದು ಕೇಳುತ್ತಿತ್ತು. ಮೂರು ದಿನ ನನ್ನ ಅರ್ಧ ಜೀವ ಹಿಂದೆ ಬರುವ ಲಾರಿಯ ಮೇಲೆ ಇತ್ತು ಅಂತ ಆಗ ತಿಳಿಯಿತು. ಆ ಜನ ರೊಕ್ಕ ಕೊಡುವುದು ಗುಡ್ಡಕ್ಕಲ್ಲ, ಇದಕ್ಕೆ.

ರಟಕಲ್ ಹತ್ತಿರ ರೇವಗ್ಗಿ ಗುಡ್ಡದ ಕಡೆ ತಿರುಗಿದೆವು. ಮೇಲೆ ರೇವಣಸಿದ್ಧೇಶ್ವರ. ಬೇರೆ ದಿನ ಭಕ್ತರ ಜೀಪು, ಟಂಟಂ ಇರುತ್ತವೆ. ಅವತ್ತು ಏರಿನಲ್ಲಿ ನಾವು ಮೂವರೇ. ಮಾಸ್ತರರು ಮೊದಲಿನಿಂದಲೇ 34ಕ್ಕೆ ಹಾಕಿ, ಎದ್ದು ನಿಲ್ಲದೆ, ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮ. ನಾನು ನನ್ನ ಚಾಳಿಯಂತೆ ಜೋರಾಗಿ ಶುರುಮಾಡಿ ನಡುವೆ ಕಾಲೂರಿದೆ. ಗುಡಿ ಕಡೆಯಿಂದ ಇಳಿದು ಬರುತ್ತಿದ್ದ ಮುದುಕಿಯೊಬ್ಬಳು ಬರಿಗಾಲಲ್ಲಿ ನನ್ನ ಮುಂದೆ ನಿಂತು, "ಯಪ್ಪಾ, ಆ ಗಾಡಿ ಹೊತ್ಕೊಂಡು ಯಾಕ ಏರ್ತಿ? ಇಲ್ಲೇ ಇಡು, ನಡಕೊಂಡು ಹೋಗು, ಲಗೂ ಮುಟ್ತಿ" ಅಂದಳು. ನನ್ನ ಅಂದಿನ ವೇಗಕ್ಕೆ ಆ ಮಾತು ಲೆಕ್ಕದಲ್ಲಿಯೂ ಸರಿಯಾಗಿತ್ತು.

ಇಳಿದು ಬರುವಾಗ ಒಂದು ಹೊಲದಿಂದ ಕೂಗಿದರು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದ್ದರು, ಭೂಮಿತಾಯಿಯ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಿ ಆಗಿತ್ತು. ಗುರುತಿಲ್ಲ, ಪರಿಚಯವಿಲ್ಲ, "ಉಣ್ಣದ ಹೋಗಬ್ಯಾಡ್ರಿ" ಅಷ್ಟೇ. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗಿ, ಮತ್ತೆ ಭಜ್ಜಿ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಬದನೆ, ಹುಣಸೆ ಎಲ್ಲ ಒಂದೇ ಗಡಿಗೆಯಲ್ಲಿ ಕುದ್ದದ್ದು. ಕೊನೆಗೆ ಜೋಳದ ಅಂಬಲಿ, ಮಜ್ಜಿಗೆ, ಉಪ್ಪು, ಬೆಳ್ಳುಳ್ಳಿ. ಬೆವರಲ್ಲಿ ಹೋದ ನೀರು, ಉಪ್ಪು ಎರಡೂ ಒಂದೇ ತಂಬಿಗೆಯಲ್ಲಿ ವಾಪಸ್. ವಿದೇಶದ ಸವಾರಿಗಳಲ್ಲಿ ದಾರಿ ನಡುವೆ ಕೊಡುವ ಅಂಟು ಜೆಲ್ಲಿನ ಒಂದು ಪಾಕೀಟನ್ನು ಮಾಸ್ತರರು ಮನೆಯ ಅಜ್ಜನಿಗೆ ಕೊಟ್ಟರು. ಅಜ್ಜ ನಾಲಿಗೆಗೆ ಹಚ್ಚಿ ನೋಡಿ, "ಪಾಪ, ಅಲ್ಲಿ ಇದಾ ತಿಂತೀರಿ?" ಅಂತ ಇನ್ನೂ ಎರಡು ಕಡಬು ಅವರ ತಟ್ಟೆಗೆ ಹಾಕಿದ.

ಮಹಾಗಾಂವ ಕ್ರಾಸಿಗೆ ಬರುವಷ್ಟರಲ್ಲಿ ಹೊಲದಿಂದ ಟ್ರ್ಯಾಕ್ಟರುಗಳು ಮರಳಲು ಶುರುವಾಗಿದ್ದವು. ಮತ್ತೆ ನಾವು ರಸ್ತೆಯ ಅಂಚಿನ ಬಿಳಿ ಗೆರೆ ಮೇಲೆ, ಒಬ್ಬರ ಹಿಂದೊಬ್ಬರು. ಕತ್ತಲಾಗುವಾಗ ಮನೆ.

ಮರುದಿನ ಗಂಜಿನಲ್ಲಿ ಬಾಗಿ ಕೂತು ಲೆಕ್ಕ ಬರೆಯುತ್ತಿದ್ದಾಗ ಮಾಸ್ತರರ ಫೋನು. ಶಾಲೆಯ ಮಧ್ಯಂತರ ಬಿಡುವು ಇರಬೇಕು, ಹಿಂದೆ ಹುಡುಗರ ಗಲಾಟೆ.

"ಮುಂದಿನ ಐತವಾರ ಖಾಲಿ ಇದ್ದೀರೇನ್ರಿ? ರೈಲಿಗಿ ಸೈಕಲ್ ಹಾಕ್ಕೊಂಡು ಬೀದರಿಗಿ ಹೋಗಿ ಬರಮು."

"ಯಾಕ್ರಿ ಮತ್ತ?"

"ಉಳಿದದ್ದು ಮುಗಿಸಿ ಬಿಡಮು. ಆರೋ, ಏಳೋ..." ಅಂದವರು ಸುಮ್ಮನಾದರು. "ಏಳೇ ಮಾಡಮು ಬಿಡ್ರಿ. ಈ ಸಲ ಹರಳ ನೀವು ಹಿಡ್ಕೋರಿ."